ಎರವಲು

ವಿಟ್‌ಬಿಯ ಚರ್ಚ್ ಹಾಲಿನಲ್ಲಿ
ಮುರಿಯಲ್ ತೆಗೆದ ಚಿತ್ರಕ್ಕೆ ಮೊದಲ ಬಹುಮಾನ:
ಮೀನು ಹೆರೆಯುವ ಅವಳ ತಮ್ಮ,
ಎತ್ತಿದ ಕತ್ತಿಯ ಮೇಲೆ ಒಂದೇ ಗೆರೆ ಬೆಳಕು.

"ಯಾವ ಲೆನ್ಸು?" ಯಾರೋ ಕೇಳಿದರು.
ಅವಳು ಬಾಯಿ ತೆರೆಯುವ ಮೊದಲೇ
ಟೀ ಕಪ್ಪು ಹಿಡಿದು ಮುಂದೆ ನುಗ್ಗಿದೆ:
"ನನ್ನದು. ನಾನೇ ಎರವಲು ಕೊಟ್ಟಿದ್ದು."

ಎರಡು ತಿಂಗಳ ಸಂಬಳದ ಗಾಜು.
ಮೂರು ವರ್ಷ ನನ್ನ ಕೈಯಲ್ಲಿ
ಕಡಲಹಕ್ಕಿಗಳ ಬಾಲವನ್ನಷ್ಟೇ ಕಂಡಿತ್ತು.
ಅವಳೋ, ತಮ್ಮ ಯಾವ ಗಳಿಗೆಯಲ್ಲಿ
ಕತ್ತಿ ಎತ್ತಿ ಸುಮ್ಮನಾಗುತ್ತಾನೆಂದು
ನಲವತ್ತು ವರ್ಷ ಬರಿಗಣ್ಣಲ್ಲೇ ನೋಡಿದ್ದಳು.

"ಹೌದ್ಹೌದು, ಇವರದೇ" ಅಂದಳು.
ಕೇಕಿನಲ್ಲಿ ದೊಡ್ಡ ತುಂಡನ್ನೇ ಕೊಯ್ದು ಕೊಟ್ಟಳು.
ತಿಂದೆ.

ಮನೆಗೆ ಬಂದು ನೋಡಿದರೆ
ಲೆನ್ಸಿನ ಅಂಚಿಗೆ ಅಂಟಿದೆ ಒಂದು ಮೀನಿನ ಹುರುಪೆ.
ಒರೆಸುವ ಬಟ್ಟೆ ತೆಗೆದೆ,
ಮತ್ತೆ ಮಡಿಸಿಟ್ಟೆ.