ಅಡಿಬರಹ

ಪುಟಕ್ಕೆ ಎರಡು ರೂಪಾಯಿ. ಮಾಸ್ತರರ ಪುಟಕ್ಕೆ ಮೂರು,
ಯಾಕೆಂದರೆ ಎಚ್ ಅಕ್ಷರದ ಕಾಲಡಿಗೆ
ಒಂದು ಬಟ್ಟಲಗೆರೆ ಬೇಕು, ಅದು ನನ್ನ ಮಶೀನಿನಲ್ಲಿಲ್ಲ.
ಗ್ರೀನ್ ಸ್ಟ್ರೀಟಿನ ಟೈಪಿಂಗ್ ಕ್ಲಾಸು ಮುಗಿದ ಮೇಲೆ
ಪೆನ್ನು ಹಿಡಿದು ಕೂರುತ್ತಿದ್ದೆ,
ಪ್ರತಿಯೊಂದಕ್ಕೆ ನಾಲ್ಕುನೂರು ಬಟ್ಟಲು.
ದತ್ತಾರಾಮ ಕಿನ್ನರಕರರು ಹಿಂದೆ ನಿಂತು ಎಣಿಸುವರು:
"ಒಂದು ಬಿಟ್ಟರೂ, ಕಾರ್ಮೆಲಿನ್, ರಾಣಿ ಹೋಗಿ ಕುರಿಯಾದಾಳು."

ಕಾಲೇಜಿನಲ್ಲಿ ಅವರು ಕಲಿಸಿದ್ದು
ಪಾಣಿಪತ್ತಿನ ಮೂರು ಯುದ್ಧ, ಮೂವತ್ತೊಂದು ವರ್ಷ.
ಹಿಟ್ಟೈಟರಿಗೆ ಸಿಲೆಬಸ್ಸಿನಲ್ಲಿ ಅರ್ಧ ಸಾಲು,
ಅದೂ ಪರೀಕ್ಷೆಗೆ ಬರುವುದಲ್ಲ.
ಒಮ್ಮೆ ಅಂಕಾರಾದಿಂದ ಕರೆ ಬಂತು. ರಜೆ ಬೇಕೆಂದು ಬರೆದರೆ
ಆಫೀಸಿನ ಗುಮಾಸ್ತ ಕಾಗುಣಿತ ತಿದ್ದಿ ಅಂಕೋಲಾ ಮಾಡಿ
ಒಂದು ದಿನದ ರಜೆ, ಬಸ್ಸಿನ ಭತ್ಯೆ ಮಂಜೂರು ಮಾಡಿಸಿದ.
ಮಾಸ್ತರರು ಹೋಗಿಯೂ ಬಂದರು, ಅಂಕೋಲೆಗೆ.
ನನಗೆ ಆರು ಇಷಾಡ ಮಾವು ತಂದುಕೊಟ್ಟು
"ಪ್ರಬಂಧ ಚೆನ್ನಾಗಿ ಆಯಿತು" ಅಂದರು.

ಮಣ್ಣು ಮಾತ್ರ ಇಲ್ಲಿಯದೇ.
ಕಾಳಿಯ ನೀರು ಇಳಿದಾಗ, ಬಳಚು ಹೆಕ್ಕುವ ಹೆಂಗಸರ ನಡುವೆ
ಪಂಚೆ ಎತ್ತಿಕಟ್ಟಿ ಕೆಸರು ತುಂಬಿಕೊಳ್ಳುವರು,
ಅಂಗೈಯಗಲ ತಟ್ಟಿ, ಕಡ್ಡಿಯ ಮೂಲೆ ಒತ್ತಿ
ಮೊಳೆ, ಮೊಳೆ, ಮತ್ತೆ ಮೊಳೆ.
ಕಾಗೆಕಾಲು ಗುಬ್ಬಿಕಾಲು ಬರೆದ ಹುಡುಗರನ್ನು
ಬೆಂಚಿನ ಮೇಲೆ ನಿಲ್ಲಿಸಿದವರು!
"ಮಾಸ್ತರಾ, ಚಿಪ್ಪಿನೊಳಗೂ ಅಕ್ಷರ ಇದ್ಯಾ?"
ಕೇಳಿಸಲಿಲ್ಲ ಅವರಿಗೆ. ಅಥವಾ ಕೇಳಿಸಿತ್ತು:
ಆ ಸಂಜೆ ನನ್ನ ಮೇಜಿನ ಮೇಲೊಂದು ಖಾಲಿ ಚಿಪ್ಪು ಇಟ್ಟು ಹೋಗಿದ್ದರು.

ನಾಲ್ಕು ಲೇಖನ. ಜರ್ಮನಿಯ ದಪ್ಪ ಪುಸ್ತಕವೊಂದರಲ್ಲಿ
ಪುಟದ ತೀರಾ ಕೆಳಗೆ ಅವರ ಹೆಸರು,
ಇನಿಷಿಯಲ್ ತಪ್ಪು.
ನಾಲ್ಕನೆಯದರಲ್ಲಿ ಒಬ್ಬ ರಾಜ,
ಗುಡುಗಿಗೆ ಬೆದರಿ ಅವನ ನಾಲಗೆ ಹೊರಳದಾಯಿತು.
ಆ ಒಂದು ಸಾಲಿಗೆ ಏಳು ಸಲ ಟೈಪು ಮಾಡಿದೆ.
ಮಾತು ನಿಂತಿತು ಅಲ್ಲ, ಅಂದರು. ಉಡುಗಿತು ಅಲ್ಲ.
ಸಣ್ಣದಾಯಿತು.
ಏಳು ಪುಟದ ದುಡ್ಡು ಎಣಿಸಿಕೊಟ್ಟರು, ಬೇಡವೆಂದರೂ.

ಅವರದಾದಾಗ ಗುಡುಗಿರಲಿಲ್ಲ.
ಏಪ್ರಿಲಿನ ಬಿಳೀ ಮಧ್ಯಾಹ್ನ,
ಮೀನುಪೇಟೆಯ ಮೆಟ್ಟಿಲಲ್ಲಿ ಕುಸಿದರು, ಕೈಯಲ್ಲಿ ಬಂಗಡೆಯ ಚೀಲ.
ಸಿವಿಲ್ ಆಸ್ಪತ್ರೆಯಲ್ಲಿ ಬಾಯಿ ಒಂದು ಬದಿಗೆ ಹೋಗಿತ್ತು.
ಕನ್ನಡ ಬರಲಿಲ್ಲ. ಕೊಂಕಣಿಯ ಉದಾಕವೂ ಬರಲಿಲ್ಲ,
ಅದರ ಬೇರನ್ನು ಅಗೆಯುತ್ತ ಹತ್ತು ವರ್ಷ ಕಳೆದವರಿಗೆ.
ಮೂರನೆಯ ದಿನ ಗೋಡೆ ನೋಡುತ್ತ ಅಂದರು:
"ವಾತರ್."

ನರ್ಸು ಗುಟುಕು ಗುಟುಕಾಗಿ ಕುಡಿಸಿ
"ಇಂಗ್ಲಿಷ್ ಉಳಿದಿದೆ ನೋಡಿ, ಪುಣ್ಯ" ಅಂದಳು.
ಇಂಗ್ಲಿಷಲ್ಲ ಅದು. ನಾನು ಟೈಪು ಮಾಡಿದ್ದೇನೆ.
ತಿದ್ದಲು ಹೋಗಲಿಲ್ಲ.
ಮೂರು ಸಾವಿರ ವರ್ಷದಿಂದ
ಆ ಶಬ್ದದಲ್ಲಿ ಯಾರೂ ನೀರು ಕೇಳಿರಲಿಕ್ಕಿಲ್ಲ,
ಕೇಳಿದ್ದಕ್ಕೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಅಲ್ಲಿಯ ಲಿಪಿಕಾರರು ಹಲಗೆಯ ಕೊನೆಗೆ
ಇಂಥವನ ಕೈ ಎಂದು ಹೆಸರು ಹಾಕುತ್ತಿದ್ದರಂತೆ,
ಬರಹ ಮುಗಿಯಿತೋ ಇಲ್ಲವೋ ಅದನ್ನೂ.
"ನೀನೂ ಹಾಕು" ಅಂದಿದ್ದರು, ನಕ್ಕುಬಿಟ್ಟಿದ್ದೆ.
ಟೈಪಿಸ್ಟರಿಗೆ ಎಡಮೂಲೆಯಲ್ಲಿ, ಓರೆಗೆರೆಯಾಚೆ
ಸಣ್ಣಕ್ಷರದ ಎರಡು ಇನಿಷಿಯಲ್ ಸಾಕು.

ಅವರ ಟ್ರಂಕು ಈಗ ನನ್ನಲ್ಲಿದೆ.
ಒಣಗಿ ಬಿರಿದ ಕಾಳಿಯ ಮಣ್ಣು ನಲವತ್ತು ತುಂಡು,
ಒಂದರ ಅಂಚಿನಲ್ಲಿ ಅವರ ಹೆಬ್ಬೆಟ್ಟು.
ಓದಲು ಬಾರದು ನನಗೆ. ಬಟ್ಟಲು ಎಲ್ಲಿ ಬರುತ್ತದೆಂದು ಗೊತ್ತು, ಅಷ್ಟೆ.

ಐದನೆಯ ಲೇಖನ, ಪುಟ ಹನ್ನೊಂದು.
ಕೈ: ಕಾರ್ಮೆಲಿನ್ ರೆಬೆಲ್ಲೊ, ಕೋಡಿಬಾಗ.
ದತ್ತಾರಾಮ ಕಿನ್ನರಕರರ ಎದುರು ಬರೆದದ್ದು.
ಮುಗಿದಿಲ್ಲ.