ಸ್ವಂತ ಉಸಿರು

ಚೀಟಿ ಎತ್ತಿದ ದುಡ್ಡು ಎಪ್ಪತ್ತೆರಡು ಸಾವಿರ.
ಕೋರ್ಟಿನ ಹಳೇ ಹಾಳೆಯ ಹಿಂಬದಿಗೆ
ಊಟದ ಬಿಡುವಿನಲ್ಲಿ ನಾನೇ ಟೈಪು ಮಾಡಿದ ಪಟ್ಟಿ:
ಕ್ಯಾಮ್, ಹೆಡರ್, ದೊಡ್ಡ ಥ್ರಾಟಲ್,
ತಲೆ ಉಬ್ಬಿದ ಪಿಸ್ಟನ್, ಹಗುರ ಫ್ಲೈವೀಲ್,
ಕೊನೆಗೆ, ಕೊಂಚ ನಾಚಿಕೊಂಡು, ಕೆಂಪು ಫಿಲ್ಟರ್.

ದಾದಾಪೀರ್ ಓದಲಿಲ್ಲ.
ಮಡಚಿ ಟೀ ಲೋಟದ ಅಡಿಗಿಟ್ಟ.
ಚಳ್ಳಕೆರೆ ಗೇಟಿನಾಚೆ ಅವನ ಗ್ಯಾರೇಜು,
ತಗಡಿನ ಮೇಲೆ ದುರ್ಗದ ಗಾಳಿ
ದಿನವಿಡೀ ಒಂದೇ ಗೇರಿನಲ್ಲಿ.
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ನಿಂತ, ಪಕ್ಕದ ಮನೆ ಜಗಳ ಕೇಳುವವನಂತೆ.

"ಅಕ್ಕಾ, ಜೋರು ಎಲ್ಲಿ ಬೇಕು ನಿಂಗೆ?"
ಎಲ್ಲಿ ಅಂದ್ರೆ?
"ಎರಡೂವರೆ ಸಾವಿರ ಸುತ್ತಿಗಾ, ಆರೂವರೆಗಾ?
ಟರ್ಬೊ ಆದ್ರೆ ಕಡ ತಂದ ಗಾಳಿ, ಬಾಯಿಗೆ ತುರುಕ್ತದೆ.
ಇದು ಬಡವಿ. ತಾನೇ ಎಳ್ಕಾಬೇಕು.
ಇಲ್ಲಿ ಹಾಕಿದ್ದು ಅಲ್ಲಿಂದ ಕಿತ್ತಿದ್ದೇ."

ಹತ್ತೊಂಬತ್ತು ವರ್ಷ 'ಮುಂದಿನ ವಾಯಿದೆ' ಎಂದೇ ಬಡಿದ ಬೆರಳಿಗೆ
ಯಾರೂ ಹೀಗೆ ಕೇಳಿರಲಿಲ್ಲ.
ಆರೂವರೆ ಎನ್ನಬೇಕೆಂದಿದ್ದೆ.
ಐಮಂಗಲದ ದಾರಿ, ರಾತ್ರಿ ಹತ್ತು,
ಗಾಳಿಗಿರಣಿಗಳ ಕೆಂಪು ದೀಪ, ಕೆಂಪು ಗೆರೆ ಮುಟ್ಟುವ ಮುಳ್ಳು.
ಅಂಥ ರಾತ್ರಿ ವರ್ಷಕ್ಕೆ ಎರಡು.
ಜೋಗಿಮಟ್ಟಿಯ ಮೂರನೇ ತಿರುವು ಮಾತ್ರ ಪ್ರತಿ ಭಾನುವಾರ:
ಎರಡನೇ ಗೇರಿನಲ್ಲಿ ಕೆಮ್ಮಿ, ಕುಗ್ಗಿ,
ಹಿಂದಿನ ಬೈಕಿನವನು ಹಾರ್ನ್ ಹೊಡೆದು,
ನಾನು ಒಂದಕ್ಕೆ ಇಳಿಯುವುದು.
"ತಿರುವಿನಲ್ಲಿ" ಅಂದೆ.

ಪ್ಲಗ್ಗು ಬಿಚ್ಚಿ ಗೇಜು ಹಚ್ಚಿದ.
ನೂರ ಎಪ್ಪತ್ತೈದು. ನೂರ ಎಪ್ಪತ್ತೆರಡು.
ನೂರ ಇಪ್ಪತ್ತು.
ನೂರ ಎಪ್ಪತ್ತಮೂರು.
ಮೂರನೆಯದರ ಗಂಟಲಿಗೆ ಒಂದು ಚಮಚ ಎಣ್ಣೆ ಬಿಟ್ಟು
ಮತ್ತೆ ತಿರುಗಿಸಿದ. ಮುಳ್ಳು ಅಲ್ಲೇ.
"ರಿಂಗಲ್ಲ, ವಾಲ್ವು.
ಮೂರು ಜನದ ಮೇಲೆ ಓಡ್ತಾ ಐತೆ ನಿನ್ನ ಸಂಸಾರ.
ಇದಕ್ಕೆ ಕ್ಯಾಮ್ ಹಾಕ್ತೀಯಾ?"

ಹೆಡ್ಡು ಗೋಣಿಚೀಲದಲ್ಲಿ ಕೂತು ದಾವಣಗೆರೆಗೆ ಬಸ್ಸು ಹತ್ತಿತು,
ಲೇತಿನ ವೀರಭದ್ರಾಚಾರಿ ಹತ್ತಿರ.
ಹತ್ತಿ ಗಿರಣಿ ಇದ್ದ ಕಾಲಕ್ಕೆ ಕದಿರು ಕಡೆದ ಕೈ.
ಕಿರುಬೆರಳು ಗಾಳಿದಾರಿಯೊಳಗೆ ಬಿಟ್ಟು, ನನ್ನ ಮುಖ ನೋಡದೆ,
"ಕನ್ನಡಿ ಮಾಡಬಾರದು ತಾಯಿ, ಪೆಟ್ರೋಲು ಗೋಡೆಗೆ ಹತ್ತಿ ಜಾರ್ತದೆ.
ಬೆಕ್ಕಿನ ನಾಲಿಗೆಯಷ್ಟು ಒರಟಿರಲಿ."
ವಾಲ್ವು ಕೂರುವ ಜಾಗಕ್ಕೆ ಮೂರು ಕೋನ ಕಡೆದು
ನೀಲಿ ಬಳಿದು, ಒತ್ತಿ, ತೋರಿಸಿದ:
ಉಂಗುರದಂಥ ಒಂದು ಗೆರೆ, ಎಲ್ಲೂ ಕಡಿದಿಲ್ಲ.

ಪಿಸ್ಟನ್ ಬಿಟ್ಟೆವು. ನಮ್ಮ ಬಂಕಿನ ಪೆಟ್ರೋಲಿಗೆ ಅದು
ಗೋಲಿ ಡಬ್ಬಿ ಅಲ್ಲಾಡಿಸಿದ ಹಾಗೆ ಬಡಿದುಕೊಳ್ಳುತ್ತದಂತೆ.
ಥ್ರಾಟಲ್, ಫ್ಲೈವೀಲ್ ಬಿಟ್ಟೆವು. ಹೆಡರ್ ಒಪ್ಪಿದ,
ಟ್ರ್ಯಾಕ್ಟರ್ ಸೈಲೆನ್ಸರ್ ಬಾಗಿಸುವವನ ಹತ್ತಿರ:
ಒಂದಕ್ಕೆ ನಾಲ್ಕು ಜೋಡಿ, ಎರಡಕ್ಕೆ ಮೂರು,
ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕದಂತೆ
ನಾಲ್ಕು ಎರಡಾಗಿ, ಎರಡು ಎಷ್ಟೋ ಹೊತ್ತಿಗೆ ಒಂದಾಗಿ.
ಗಾಳಿಗೆ ಬಂಪರಿನ ಹಿಂದಿನಿಂದ ಒಂದು ಕೊಳವೆ,
ಬಾನೆಟ್ಟಿನ ಬೇಗೆ ಕುಡಿಯದಿರಲೆಂದು.
ಕೆಂಪು ಫಿಲ್ಟರಿಗೆ ನಕ್ಕ. ಹಾಕಿಯೂ ಕೊಟ್ಟ.

ಎಷ್ಟು ಕುದುರೆ ಹೆಚ್ಚಾದವೋ ಅಳೆದವರಿಲ್ಲ.
ಎಂಟಿರಬಹುದು, ಆರಿರಬಹುದು.
ಭಾನುವಾರ ಮೂರನೇ ತಿರುವು
ಎರಡನೇ ಗೇರಿನಲ್ಲೇ ಬಂತು,
ಬಂದದ್ದೇ ಗೊತ್ತಾಗಲಿಲ್ಲ. ಎಡಗೈ ಅಭ್ಯಾಸಕ್ಕೆ ಗೇರಿನ ಗುಂಡಿಗೆ ಹೋಗಿ
ಕೆಲಸವಿಲ್ಲದೆ ಅಲ್ಲೇ ಕೂತಿತ್ತು.

ಪಟ್ಟಿ ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ,
ಲೋಟದ ಕಲೆ ಸರಿಯಾಗಿ ಕ್ಯಾಮಿನ ಸುತ್ತ.
ಅದರೆದುರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ:
ವಾಯಿದೆ.