ಬರ್ತಾಂಗ್ ಕಣಿವೆಯಲ್ಲಿ ಒಂದು ಸ್ವಿಚ್ಚು

ಸೆನ್ಸರು ಸತ್ತದ್ದು ಸೋಮವಾರ.
ಹೆಬ್ಬೆರಳಿನಷ್ಟು ಹಿತ್ತಾಳೆ, ಒಳಗೆ
ಬಿಸಿಗೆ ಬಾಗುವ ಒಂದು ತಗಡು.
ರೇಡಿಯೇಟರಿನ ಬುಡದಲ್ಲಿ ಕೂತು
ಇಪ್ಪತ್ತು ವರ್ಷ ನೀರಿನ ಜ್ವರ ನೋಡಿದ್ದು ಅದು.
ಖೋರೋಗಿನ ಅಂಗಡಿಯಲ್ಲಿ ಕೇಳಿದರೆ
'ದುಶಾಂಬೆಯಿಂದ ಬರಬೇಕು' ಅಂದರು.
'ಇಲ್ಲ' ಅನ್ನುವುದಕ್ಕೆ ನಮ್ಮ ಕಡೆಯ ಮರ್ಯಾದೆಯ ಮಾತು.

ಬ್ರೆಡ್ಡು ಎಂದೇ ಊರವರು ಕರೆಯುವ ಆ ವ್ಯಾನನ್ನು
ತಮ್ಮ ಖುಷ್‌ಕದಮ್ ತಂದು ನಿಲ್ಲಿಸಿದ
ನಮ್ಮ ಹಿಪ್ಪುನೇರಳೆ ಮರದ ಕೆಳಗೆ.
'ಅಕ್ಕಾ, ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ಇದ್ದವಳು ನೀನು.'
'ಇದ್ದದ್ದು ರಿಜಿಸ್ಟರು ಬರೆಯುತ್ತ' ಅಂದೆ.
ಕೈ ಆಗಲೇ ಇಕ್ಕಳ ಹುಡುಕುತ್ತಿತ್ತು.

ಬ್ಯಾಟರಿಯಿಂದ ಮೂವತ್ತು ಆಂಪಿಯರಿನ ಫ್ಯೂಸಿಗೆ,
ಫ್ಯೂಸಿನಿಂದ ರಿಲೇಯ ಮೂವತ್ತನೇ ಕಾಲಿಗೆ,
ಎಂಬತ್ತೇಳರಿಂದ ಫ್ಯಾನಿಗೆ: ಇದು ದಪ್ಪ ತಂತಿಯ ದಾರಿ.
ಎಂಬತ್ತೈದು ಮೈಗೆ, ಅಂದರೆ ವ್ಯಾನಿನ ತಗಡಿಗೆ,
ಬಣ್ಣ ಕೆರೆದು, ಹೊಳೆಯುವ ತನಕ ಕೆರೆದು.
ಎಂಬತ್ತಾರರಿಂದ ನೂಲಿನಂಥ ಒಂದು ತಂತಿ
ಸ್ಟಿಯರಿಂಗಿನ ಪಕ್ಕಕ್ಕೆ, ನನ್ನ ಸ್ವಿಚ್ಚಿಗೆ.
ಸ್ವಿಚ್ಚು ಅಮ್ಮನ ಹೊಲಿಗೆ ಯಂತ್ರದ ದೀಪದ್ದು.
ಹತ್ತಿರವೇ, ಕೆಟ್ಟ ರೇಡಿಯೋದ ಹೊಟ್ಟೆಯಿಂದ ಕಿತ್ತ
ಒಂದು ಹಸಿರು ಬಲ್ಬು;
ಫ್ಯಾನು ಉಂಡರೆ ಅದಕ್ಕೂ ಒಂದು ತುತ್ತು.
ಮೊದಲ ಸಲ ರಿಲೇ 'ಟಕ್' ಅಂದಾಗ
ಖುಷ್‌ಕದಮ್ ಹಿಂದೆ ಸರಿದ,
ಒಳಗಿಂದ ಯಾರೋ ಚಿಟಿಕೆ ಹೊಡೆದ ಹಾಗೆ.

ಸ್ವಿಚ್ಚಿಗೆ ಕರೆಂಟು ಚಾವಿಯಿಂದಲೋ, ಬ್ಯಾಟರಿಯಿಂದಲೋ?
ಇದಕ್ಕೊಂದು ಜಗಳ.
'ಚಾವಿಯಿಂದ ಕೊಡು, ನಾನು ಮರೆಯುವವನು.'
'ಏರು ಹತ್ತಿ ಬಂದ ಎಂಜಿನ್ನು
ಚಾವಿ ತೆಗೆದ ಕೂಡಲೇ ತಣಿಯುತ್ತದಾ?
ನೀನು ತಣಿಯುತ್ತೀಯಾ?'
ಬ್ಯಾಟರಿಗೇ ಕೊಟ್ಟೆ.

ಸೇತುವೆ ಕೊಚ್ಚಿಹೋದಲ್ಲಿ ಹೊಳೆಗೇ ಇಳಿಯಬೇಕು.
ಇಳಿಯುವ ಮೊದಲು ಫ್ಯಾನು ಆರಿಸಬೇಕು;
ಇಲ್ಲವಾದರೆ ರೆಕ್ಕೆ ನೀರು ಕಚ್ಚಿ, ಮುಂದೆ ಬಾಗಿ
ರೇಡಿಯೇಟರನ್ನೇ ಕೊರೆಯುತ್ತದೆ.
ಸತ್ತ ಸೆನ್ಸರಿಗೆ ಬಿಸಿ ಗೊತ್ತಿತ್ತು,
ಹೊಳೆ ಗೊತ್ತಿರಲಿಲ್ಲ.
ತಮ್ಮನಿಗೆ ಹೊಳೆ ಗೊತ್ತು. ಆರಿಸಿದ, ದಾಟಿದ,
ಹಾಕುವುದನ್ನು ಮರೆತ.
ಬಸೀದಿನ ಏರಿನಲ್ಲಿ ಮುಳ್ಳು ಕೆಂಪಿಗೆ ತಾಗಿ
ಹನ್ನೊಂದು ಜನ, ನಾಲ್ಕು ಮೂಟೆ ಹಿಟ್ಟು, ಒಂದು ಕುರಿ
ರಸ್ತೆಯ ಅಂಚಿಗೆ ಇಳಿದು ಕೂತರು.
ಈ ಹಬೆಯಲ್ಲಿ ಚಹಾ ಆದೀತು ಎಂದರಂತೆ ಯಾರೋ.
ಯಾರೂ ನಗಲಿಲ್ಲವಂತೆ.

ಆಮೇಲೆ ಶುರುವಾಯಿತು.
ನೀರಿನ ಅಂಚಿಗೆ ಬಂದರೆ ಮುದುಕಿ ಶೋಯಿಸ್ತಾ
ಹಿಂದಿನ ಸೀಟಿನಿಂದ, ಕಣ್ಣು ಬಿಡದೆಯೇ, 'ಆರಿಸು!'
ಆಚೆ ದಡಕ್ಕೆ ಗಾಲಿ ತಾಗಿದರೆ
ಶಾಲೆಯ ಹುಡುಗರೆಲ್ಲ ಒಂದೇ ಗಂಟಲಲ್ಲಿ 'ಹಾಕು!'
ಹೆರಿಗೆಗೆಂದು ರುಶಾನಿಗೆ ಹೊರಟಿದ್ದ ಒದಿನಾಮೊ ಕೂಡ
ಎರಡು ನೋವಿನ ನಡುವೆ ತಲೆಯೆತ್ತಿ,
'ಹಸಿರು ದೀಪ... ಹಸಿರು ದೀಪ ಇಲ್ಲ' ಅಂದಳಂತೆ.
ಹೆಬ್ಬೆರಳಿನಷ್ಟಿದ್ದ ಒಂದನ್ನು ಕಿತ್ತು ಬಿಸಾಕಿದ್ದೆ.
ಸಿಕ್ಕಿದವು ಹನ್ನೊಂದು, ಬಾಯಿ ಸಮೇತ.

ರಾತ್ರಿ ಬಂದು ಊಟಕ್ಕೆ ಕೂರುತ್ತಾನೆ.
ಅಲ್ಲಿ ಸೀಟುಗಳು ಖಾಲಿ,
ಇಲ್ಲಿ ನಾನೊಬ್ಬಳು. ಹೇಳುವುದಿಲ್ಲ.
ಅಂಗಳದಲ್ಲಿ ಫ್ಯಾನು ತಿರುಗುತ್ತಿರುತ್ತದೆ,
ಕತ್ತಲಲ್ಲಿ ಜೋಳದ ಕಾಳಿನಷ್ಟು ಹಸಿರು.
ಅರ್ಧ ರೊಟ್ಟಿಗೆ ಅವನ ಕೈ ನಿಲ್ಲುತ್ತದೆ.
ಏಳುತ್ತಾನೆ, ಎಡ ಬಲ ನೋಡದೆ
ನನ್ನದೇ ಚಪ್ಪಲಿ ಮೆಟ್ಟಿ ಹೋಗುತ್ತಾನೆ.

ಟಕ್.

ಆಗ ಹೊಳೆ ಕೇಳಿಸುತ್ತದೆ,
ಅಷ್ಟು ಹೊತ್ತೂ ಹರಿಯುತ್ತಲೇ ಇದ್ದದ್ದು.